ಕೂರುವ ಹೊತ್ತು ಯಾವುದು? ಮನೆಯಲ್ಲಿ ನೆಮ್ಮದಿಯ ತಾಣ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ, ಮನೆಯೊಳಗೆ ಗಿಡ, ಗಾಳಿ, ಬೆಳಕುಗಳ ಸಂಗದಲ್ಲಿ ಸುಮ್ಮನೆ ಕೂರಬಹುದಾದ ಜಾಗವನ್ನು ಹೇಗೆ ಮಾಡಿಕೊಳ್ಳಬಹುದೆಂದು ಕೇಳಿ ಪತ್ರ ಬರೆಯುವಂತೆ ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಏನನ್ನು ಕೊಳ್ಳಬೇಕು ಎಂದು ಕೇಳಿದ್ದವು. ಆ ಜಾಗದಲ್ಲಿ ಯಾರು, ಯಾವ ಹೊತ್ತಿನಲ್ಲಿ ಕೂರುತ್ತಾರೆ ಎಂಬುದನ್ನು ಹೇಳಿದವರು ಕೆಲವರಷ್ಟೇ. ಮೂವತ್ತು ವರ್ಷ ಮನೆಗಳ ನಕ್ಷೆ ಬರೆದಿರುವ ನನಗೆ ಆ ಎರಡು ವಿಷಯಗಳು ತಿಳಿಯದೆ ಗೆರೆಯೆಳೆಯಲು ಕೈ ಏಳುವುದಿಲ್ಲ. ಆದ್ದರಿಂದ ಅವನ್ನು ತಿಳಿಸಿರುವ ಪತ್ರಗಳನ್ನೇ ಇಲ್ಲಿ ಹೆಚ್ಚಾಗಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಎಂಟನೆಯ ಮಹಡಿಯಲ್ಲಿ ನಮ್ಮ ಮನೆಯಿದೆ. ಪಶ್ಚಿಮಕ್ಕೆ ಮುಖ ಮಾಡಿದ, ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಬಾಲ್ಕನಿ ಈಗ ಬಟ್ಟೆ ಒಣಗಿಸುವುದಕ್ಕಷ್ಟೇ ಬಳಕೆಯಾಗುತ್ತಿದೆ. ಕಟಕಟೆಯ ಉದ್ದಕ್ಕೂ ಇಟ್ಟಿಗೆಯ ತೊಟ್ಟಿ ಕಟ್ಟಿಸಿ ಮಣ್ಣು ತುಂಬಿ, ನೆಲಕ್ಕೆ ಕೃತಕ ಹುಲ್ಲು ಹಾಸಿ, ಒಂದು ಪುಟ್ಟ ಕಾರಂಜಿ ಇಡಬೇಕೆಂದಿದ್ದೇವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ; ರಾತ್ರಿ ಒಂಬತ್ತರ ನಂತರವೇ ಕೂರಲು ಬಿಡುವು. ನಾಲ್ಕು ವರ್ಷದ ಮಗನಿದ್ದಾನೆ. ಕೆಳಗಿನ ರಸ್ತೆಯ ಸದ್ದನ್ನೂ ಗಿಡಗಳು ತಡೆಯಬಹುದೇ?

ಉತ್ತರ: ಮೊದಲು ಇಟ್ಟಿಗೆಯ ತೊಟ್ಟಿಯ ವಿಚಾರವನ್ನು ಇತ್ಯರ್ಥ ಮಾಡೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಗಾಬರಿಗೊಳಿಸಿದ್ದು ಅದೊಂದೇ. ಹತ್ತು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ತೊಟ್ಟಿಯಲ್ಲಿ ಹದಿನೈದು ಘನ ಅಡಿ ಮಣ್ಣು ಹಿಡಿಯುತ್ತದೆ. ನೀರುಂಡ ಮೇಲೆ ಆ ಮಣ್ಣು ಸುಮಾರು 700 ಕಿಲೋ ತೂಗುತ್ತದೆ. ಇಟ್ಟಿಗೆಯ ತೂಕ ಬೇರೆ. ವಾಸದ ಮನೆಗಳ ಬಾಲ್ಕನಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 300 ಕಿಲೋ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ನಿಮ್ಮದು ನಾಲ್ಕು ಚದರ ಮೀಟರಿಗಿಂತ ಕಡಿಮೆ. ಒಟ್ಟು ಲೆಕ್ಕದಲ್ಲಿ ಹೇಗೋ ಸರಿದೂಗಿತೆಂದು ಅನ್ನಿಸಬಹುದು. ಆದರೆ ಗೋಡೆಯಿಂದ ಹೊರಚಾಚಿ ನಿಂತ ಚಪ್ಪಡಿಯ ತುದಿಯ ಮೇಲೆ ಭಾರವೆಲ್ಲ ಕುಳಿತರೆ ಬುಡದ ಮೇಲೆ ಬೀಳುವ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ತೋಳನ್ನು ಚಾಚಿ ಅಂಗೈಯ ಮೇಲೆ ಕೊಡ ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲದೆ ಆ ತೊಟ್ಟಿ ನಿಮ್ಮ ಮಗನಿಗೆ ಮೆಟ್ಟಿಲೂ ಆಗುತ್ತದೆ. ಕಟಕಟೆಯ ಪಕ್ಕ ಹತ್ತಲು ಬರುವಂಥ ಕುಂಡ, ಸ್ಟೂಲು, ಪೆಟ್ಟಿಗೆ ಯಾವುದನ್ನೂ ಇಡಬೇಡಿ. ಭಾರದ ಕುಂಡಗಳೆಲ್ಲ ಮನೆಯ ಗೋಡೆಗೆ ಒತ್ತಿಕೊಂಡಿರಲಿ. ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರವನ್ನು ಹೆಚ್ಚಾಗಿ ಬೆರೆಸಿದರೆ ಮಣ್ಣಿನ ತೂಕ ಬಹಳಷ್ಟು ಇಳಿಯುತ್ತದೆ.

ಇನ್ನು ಬಿಸಿಲು. ಫೆಬ್ರವರಿಯಿಂದ ಮೇ ತನಕ ಮಧ್ಯಾಹ್ನ ಮೂರರಿಂದ ಸೂರ್ಯ ಮುಳುಗುವವರೆಗೆ ನಿಮ್ಮ ಬಾಲ್ಕನಿಯ ಗೋಡೆ ನೇರ ಬಿಸಿಲಿನಲ್ಲಿ ಕಾಯುತ್ತದೆ, ಕಾದ ಗೋಡೆ ನೀವು ಕೂರಬಯಸುವ ರಾತ್ರಿ ಒಂಬತ್ತರ ಹೊತ್ತಿಗೆ ಸರಿಯಾಗಿ ಆ ಕಾವನ್ನು ಹೊರಗೆ ಬಿಡುತ್ತದೆ. ಇಳಿಬಿಸಿಲು ಓರೆಯಾಗಿ ಬರುವುದರಿಂದ ತಲೆಯ ಮೇಲಿನ ಸಜ್ಜೆಯಿಂದ ಅದನ್ನು ತಡೆಯಲಾಗದು. ಅದಕ್ಕೆ ನಿಂತ ಪರದೆಯೇ ಬೇಕು. ಆ ಪರದೆಯೂ ಗಾಜಿನ ಬಾಗಿಲಿನ ಒಳಗಿರದೆ ಬಾಲ್ಕನಿಯ ಹೊರ ಅಂಚಿನಲ್ಲಿರಬೇಕು, ಏಕೆಂದರೆ ಒಳಗೆ ಬಂದ ಬಿಸಿಲನ್ನು ಪರದೆಯಿಂದ ಮುಚ್ಚಿದರೂ ಕಾವು ಒಳಗೇ ಉಳಿಯುತ್ತದೆ. ಬಿದಿರಿನ ತಟ್ಟಿಯನ್ನು ಮಧ್ಯಾಹ್ನ ಇಳಿಬಿಟ್ಟು ರಾತ್ರಿ ಮೇಲಕ್ಕೆ ಸುತ್ತಿಡಿ. ಅದರ ಅರ್ಧ ಭಾಗವನ್ನು ತಂತಿಯ ಮೇಲೆ ಹಬ್ಬಿಸಿದ ಶಂಖಪುಷ್ಪವೋ ಅಮೃತಬಳ್ಳಿಯೋ ವಹಿಸಿಕೊಂಡರೆ ಇನ್ನೂ ಸೊಗಸು. ಆಷಾಢದ ಗಾಳಿ ಪಶ್ಚಿಮದಿಂದಲೇ ಬೀಸುತ್ತದೆ, ಎಂಟನೆಯ ಮಹಡಿಯಲ್ಲಿ ಅದರ ಬಿರುಸು ನೆಲದ ಮೇಲಿನವರಿಗೆ ಊಹೆಗೂ ಸಿಗದು; ತಟ್ಟಿಗೆ ಮೇಲೆ, ಕೆಳಗೆ ಎರಡೂ ಕಡೆ ಕಟ್ಟು ಇರಲಿ, ತೂಗುಕುಂಡಗಳ ಆಸೆಯನ್ನು ಬಿಟ್ಟುಬಿಡಿ.

ಕೃತಕ ಹುಲ್ಲಿನ ಬಗ್ಗೆ ಹೇಳುವುದಾದರೆ, ಬಿಸಿಲಿಗೆ ಕಾಯುವ, ದೂಳನ್ನೂ ಮಳೆಯ ತೇವವನ್ನೂ ಬುಡದಲ್ಲಿ ಹಿಡಿದಿಟ್ಟುಕೊಳ್ಳುವ ಪ್ಲಾಸ್ಟಿಕ್ಕಿನ ಮೇಲೆ ಕಾಲಿಟ್ಟು ಪ್ರಕೃತಿಯನ್ನು ನೆನೆಯುವುದು ನನಗಂತೂ ಆಗದ ಮಾತು. ಒಂದು ಈಚಲು ಚಾಪೆ ಸಾಕು, ಅದನ್ನು ಸುತ್ತಿಟ್ಟರೆ ಹಗಲು ಬಟ್ಟೆ ಒಣಗಿಸಲೂ ಜಾಗ ಸಿಗುತ್ತದೆ. ನೀವು ಕೂರುವುದು ರಾತ್ರಿಯಾದ್ದರಿಂದ ಹೂವಿನ ಬಣ್ಣಕ್ಕಿಂತ ಪರಿಮಳ ಮುಖ್ಯ. ಬಿಸಿಲನ್ನು ಬೇಡುವ ದುಂಡುಮಲ್ಲಿಗೆ ನಿಮ್ಮ ಬಾಲ್ಕನಿಗೆ ಹೇಳಿಮಾಡಿಸಿದಂತಿದೆ, ಅದರ ಮೊಗ್ಗು ಬಿರಿಯುವುದೂ ಸಂಜೆಯ ನಂತರವೇ. ನೆರಳಿರುವ ಮೂಲೆಯಲ್ಲಿ ನಾವೆಲ್ಲ ಬ್ರಹ್ಮಕಮಲವೆಂದು ಕರೆಯುವ ಗಿಡದ ಒಂದು ಎಲೆಯನ್ನು ನೆಟ್ಟರೆ, ವರ್ಷಕ್ಕೆ ಒಂದೆರಡು ರಾತ್ರಿ ಅಕ್ಕಪಕ್ಕದವರನ್ನು ಕರೆಯುವ ನೆಪವಾಗುತ್ತದೆ. ಕಣಗಿಲೆ ಬೇಡ, ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ, ಮನೆಯಲ್ಲಿ ಮಗುವಿದೆ. ದೀಪ ಹಳದಿ ಬೆಳಕಿನದಾಗಿರಲಿ, ಕುಳಿತವರ ಕಣ್ಣಿಗಿಂತ ಕೆಳಗಿರಲಿ; ಚಾವಣಿಯ ಬಿಳಿ ದೀಪ ಹಾಕಿದರೆ ಹೊರಗಿನ ಆಕಾಶ ಅಲ್ಲಿಗೇ ಅಳಿಸಿಹೋಗುತ್ತದೆ.

ಸದ್ದನ್ನು ನಾಲ್ಕು ಕುಂಡಗಳು ತಡೆಯುವುದಿಲ್ಲ. ಸದ್ದನ್ನು ತಡೆಯುವುದು ಸಂದಿಲ್ಲದ, ಭಾರವಾದ ವಸ್ತು. ಎಲೆಗಳ ನಡುವಿನಿಂದ ಅದು ಸರಾಗವಾಗಿ ನುಸುಳುತ್ತದೆ. ಕಾರಂಜಿಯ ನೀರಿನ ಸದ್ದು ರಸ್ತೆಯ ಸದ್ದನ್ನು ಸ್ವಲ್ಪ ಮರೆಸಬಹುದಾದರೂ ಅಗ್ಗದ ಪಂಪಿನ ಗುಂಯ್‌ಗುಟ್ಟುವಿಕೆ ಅದರ ಜೊತೆಗೇ ಬರುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲಿ ಕಾಲು ಗಂಟೆ ಅದನ್ನು ಓಡಿಸಿ ಕೇಳಿ.

ಪ್ರಶ್ನೆ: ಸಾಗರ ತಾಲ್ಲೂಕಿನಲ್ಲಿ ನಮ್ಮದು ಅಜ್ಜನ ಕಾಲದ ತೊಟ್ಟಿಮನೆ. ಅಣ್ಣತಮ್ಮಂದಿರು ಈಗ ಊರಿಗೆ ಮರಳಿ ಅದನ್ನು ದುರಸ್ತಿ ಮಾಡಿಸುತ್ತಿದ್ದೇವೆ. ಮಳೆಯ ಎರಚಲು, ಮಂಗಗಳ ಕಾಟ ಎರಡೂ ತಪ್ಪಲೆಂದು ತೊಟ್ಟಿಯ ಮೇಲೆ ಪಾರದರ್ಶಕ ಶೀಟು ಹೊದಿಸಿ, ಕೆಳಗೆ ಟೈಲ್ಸ್ ಹಾಕಿ, ಅದನ್ನೇ ಧ್ಯಾನ ಮತ್ತು ಓದಿನ ಜಾಗವಾಗಿ ಮಾಡಬೇಕೆಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಅಮ್ಮನಿಗೆ ಮಾತ್ರ ಇದು ಸುತರಾಂ ಒಪ್ಪಿಗೆಯಿಲ್ಲ.

ಉತ್ತರ: ನಿಮ್ಮ ತಾಯಿಯವರ ಪಕ್ಷ ನನ್ನದು, ಕಾರಣಗಳನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ.

ತೊಟ್ಟಿಯೆಂದರೆ ಮಾಡಿನಲ್ಲಿ ಉಳಿದುಹೋದ ಕಂಡಿಯಲ್ಲ; ಆ ಮನೆ ಉಸಿರಾಡುವುದೇ ಅದರ ಮೂಲಕ. ಅಡುಗೆಮನೆಯ ಹೊಗೆ, ಬಚ್ಚಲ ಹಬೆ, ಜನರ ಉಸಿರಿನ ತೇವ ಎಲ್ಲವೂ ಬಿಸಿಯಾಗಿ ಮೇಲೇರಿ ಹೊರಹೋಗುವ ದಾರಿ ಅದು. ಅದನ್ನು ಪಾರದರ್ಶಕ ಶೀಟಿನಿಂದ ಮುಚ್ಚಿದರೆ ಬಿಸಿಲು ಒಳಗೆ ಬರುತ್ತದೆ, ಬಿಸಿ ಹೊರಗೆ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ ಬೇಯುವ ಜಾಗ ಜುಲೈನಲ್ಲಿ ಬೂಸ್ಟು ಹಿಡಿಯುತ್ತದೆ. ಎರಡನೆಯದಾಗಿ, ನಿಮ್ಮ ಮಾಡಿನ ನಾಲ್ಕು ಒಳ ಇಳಿಜಾರುಗಳೂ ನೀರನ್ನು ತೊಟ್ಟಿಗೇ ತಂದು ಸುರಿಯುತ್ತವೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಒಳ ಇಳಿಜಾರು ಮತ್ತು ತೊಟ್ಟಿ ಸೇರಿ ಅರವತ್ತು ಚದರ ಮೀಟರ್ ಎಂದಿಟ್ಟುಕೊಂಡರೂ 100 ಮಿಲಿಮೀಟರ್ ಸುರಿಯುವ ಒಂದು ದಿನದಲ್ಲಿ ಆರು ಸಾವಿರ ಲೀಟರ್ ನೀರು ಅಲ್ಲಿಗೆ ಇಳಿಯುತ್ತದೆ. ಶೀಟು ಹಾಕಿದ ಮೇಲೆ ಅಷ್ಟು ನೀರೂ ಶೀಟು ಮತ್ತು ಹಂಚುಗಳು ಕೂಡುವ ಜಾಗದಲ್ಲಿ ಕೂರಿಸುವ ತಗಡಿನ ದೋಣಿಯಲ್ಲೇ ಹರಿಯಬೇಕು. ಅದರಲ್ಲಿ ಒಂದು ಹಿಡಿ ತರಗೆಲೆ ಸಿಕ್ಕಿಕೊಂಡರೆ ನೀರು ಹಿಂದಕ್ಕೆ ತುಳುಕಿ ಪಕಾಸಿನ ತುದಿಗಳನ್ನು ನೆನೆಸುತ್ತದೆ, ನೆನೆದ ಮರಕ್ಕೆ ಗೆದ್ದಲು ತಡಮಾಡದೆ ಬರುತ್ತದೆ. ನಾನು ನೋಡಿದ, ಹೀಗೆ ಮುಚ್ಚಿದ ತೊಟ್ಟಿಗಳಲ್ಲಿ ಸೋರಿಕೆ ಮೊದಲಾದದ್ದು ಈ ಕೂಡುವಲ್ಲಿಯೇ.

ಮಂಗಗಳಿಗೆ ಕಬ್ಬಿಣದ ಜಾಲರಿ ಸಾಕು. ಸೂರಿನ ಮಟ್ಟದಲ್ಲಿ, ಸರಳುಗಳ ನಡುವೆ ಮೂರು ಅಂಗುಲಕ್ಕಿಂತ ಹೆಚ್ಚು ಬಿಡದೆ, ತುಕ್ಕು ತಡೆಯುವ ಬಣ್ಣ ಬಳಿದು ಕೂರಿಸಿ. ಒಂದು ಭಾಗ ತೆರೆಯುವಂತಿದ್ದರೆ ಹಂಚು ಕೈಯಾಡಿಸುವವರಿಗೆ ಅನುಕೂಲ. ಎರಚಲು ಹೆಚ್ಚಾಗಿ ನೈಋತ್ಯದ ಗಾಳಿಯೊಂದಿಗೆ ಬರುವುದರಿಂದ ಅದು ಬಡಿಯುವ ಜಗಲಿಗಳಿಗೆ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಕೆ ಸೋಗೆಯ ತಟ್ಟಿಯನ್ನೋ ಸುತ್ತಿಡಬಹುದಾದ ಟಾರ್ಪಾಲನ್ನೋ ಇಳಿಬಿಡಿ. ನಿಮ್ಮ ಹಿರಿಯರು ಮಾಡುತ್ತಿದ್ದುದೂ ಬಹುಶಃ ಇದನ್ನೇ. ಒಳಕೋಣೆಗಳ ಕತ್ತಲೆ ನೀಗಬೇಕಿದ್ದರೆ ಅಲ್ಲಲ್ಲಿ ಒಂದೊಂದು ಗಾಜಿನ ಹಂಚು ಕೂರಿಸುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನ ಉಪಾಯ.

ತೊಟ್ಟಿಯ ನೆಲಕ್ಕೆ ನುಣುಪಾದ ಟೈಲ್ಸ್ ಬೇಡವೇ ಬೇಡ. ಹಳೆಯ ಕಲ್ಲು ಹಾಸು ಗಟ್ಟಿಯಿದ್ದರೆ ಕೀಳದೆ ಸಂದಿಗಳನ್ನಷ್ಟೇ ತುಂಬಿಸಿ. ಪಾಚಿಯನ್ನು ವರ್ಷಕ್ಕೆರಡು ಬಾರಿ ಸುಣ್ಣದ ನೀರು ಹಾಕಿ ತಿಕ್ಕಿಸಿ. ನೀರು ಹೊರಹೋಗುವ ಕಲ್ಲಿನ ತೂಬನ್ನು ತೆಗೆದು ಮೂರು ಅಂಗುಲದ ಪ್ಲಾಸ್ಟಿಕ್ ಪೈಪು ಹಾಕುವ ಸಲಹೆ ಬಂದರೆ ಅದನ್ನೂ ಒಪ್ಪಬೇಡಿ, ಮೇಲಿನ ಆರು ಸಾವಿರ ಲೀಟರಿನ ಲೆಕ್ಕವನ್ನು ಗುತ್ತಿಗೆದಾರರಿಗೆ ತೋರಿಸಿ.

ಓದುವ, ಧ್ಯಾನಿಸುವ ಜಾಗ ತೊಟ್ಟಿಯ ಮಧ್ಯದಲ್ಲಿ ಆಗಬೇಕಾಗಿಲ್ಲ. ತೊಟ್ಟಿಯ ಸುತ್ತಲಿನ ನಾಲ್ಕು ಜಗಲಿಗಳಲ್ಲಿ, ಬೆಳಗಿನ ಎಳೆಬಿಸಿಲು ಮೊದಲು ತಲುಪುವ ಮೂಲೆ ಯಾವುದೆಂದು ನಿಮ್ಮ ತಾಯಿಯವರನ್ನು ಕೇಳಿ. ಹಪ್ಪಳ ಸಂಡಿಗೆ ಒಣಗಿಸಿದವರಿಗೆ ಅದು ಗೊತ್ತಿರುತ್ತದೆ. ಅಲ್ಲಿ ಕಂಬಕ್ಕೆ ಒರಗಿ ಕೂರುವಂತೆ ಒಂದು ಹಲಗೆ ಹಾಕಿಸಿದರೆ ಕೆಲಸ ಮುಗಿಯಿತು. ಮಳೆ ಸುರಿಯುವಾಗ ನಾಲ್ಕೂ ಕಡೆಯ ಸೂರಿನಿಂದ ಇಳಿಯುವ ನೀರಿನ ಗೆರೆಗಳನ್ನು, ತಾನು ಒದ್ದೆಯಾಗದೆ ಮನೆಯ ಮಧ್ಯದಲ್ಲೇ ಕುಳಿತು ನೋಡಲು ಬಿಡುವಂಥ ಇನ್ನೊಂದು ಏರ್ಪಾಡು ನನಗೆ ತಿಳಿದಿಲ್ಲ. ನಗರದಲ್ಲಿ ಅದನ್ನು ಕಟ್ಟಿಸಿಕೊಡಿ ಎಂದು ಬರುವವರು ಎಷ್ಟು ದುಡ್ಡು ತೆರಲು ಸಿದ್ಧರಿರುತ್ತಾರೆ ಎಂಬುದನ್ನು ನಿಮ್ಮ ಅಣ್ಣತಮ್ಮಂದಿರಿಗೆ ಬೇಕಿದ್ದರೆ ಖಾಸಗಿಯಾಗಿ ತಿಳಿಸುತ್ತೇನೆ.

ಪ್ರಶ್ನೆ: ಮಲಗುವ ಕೋಣೆಯಲ್ಲಿ ಐದಾರು ಗಿಡಗಳನ್ನಿಟ್ಟರೆ ಗಾಳಿ ಶುದ್ಧವಾಗುತ್ತದೆ ಎಂದು ನರ್ಸರಿಯವರು ಹೇಳುತ್ತಾರೆ. ನಿಜವೇ? (ದಾವಣಗೆರೆಯ ಓದುಗರು)

ಉತ್ತರ: ಈ ಮಾತಿನ ಬೇರು 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಪ್ರಕಟಿಸಿದ ವರದಿಯಲ್ಲಿದೆ. ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ನಮ್ಮ ಮನೆಗಳು ಹಾಗಿರುವುದಿಲ್ಲ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ ಮಾಡಿದ ಪರಿಶೀಲನೆಯೊಂದು, ಕಟ್ಟಡದಲ್ಲಿ ಸಹಜವಾಗಿ ಆಗುವ ಗಾಳಿಯ ಹರಿದಾಟಕ್ಕೆ ಸಮನಾಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕಾಗುತ್ತವೆ ಎಂದು ಲೆಕ್ಕ ಹಾಕಿತು. ಎದುರುಬದುರು ಎರಡು ಕಿಟಕಿಗಳನ್ನು ತೆರೆದರೆ ಆ ಕೆಲಸ ತಾನಾಗಿ ಆಗುತ್ತದೆ. ಗಿಡಗಳನ್ನು ನೋಡಲು ಚಂದವೆಂದು ಇಟ್ಟುಕೊಳ್ಳಿ, ಅದು ಸಾಕಷ್ಟು ದೊಡ್ಡ ಕಾರಣ.

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮ ಸ್ವಂತ ಮನೆಯಿದೆ. ಎಪ್ಪತ್ತೆಂಟು ವರ್ಷದ ಅವ್ವ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ಹೆಚ್ಚು ಹೊತ್ತು ಮಂಚದ ಮೇಲೆಯೇ ಇರುತ್ತಾರೆ, ವಾಕರ್ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಾರೆ. ಹೊಲದಲ್ಲಿ ಬೆಳೆದ ಜೀವ, ಗೋಡೆ ನೋಡುತ್ತ ಮಂಕಾಗಿದ್ದಾರೆ. ಅವರ ಕೋಣೆಯ ಕಿಟಕಿ ಪೂರ್ವಕ್ಕಿದೆ, ಆಚೆ ಎಂಟು ಅಡಿ ಖಾಲಿ ಜಾಗ, ನಂತರ ಕಾಂಪೌಂಡ್. ತಾರಸಿಯ ಮೇಲೆ ತೋಟ ಮಾಡಿದರೆ ಹೇಗೆ?

ಉತ್ತರ: ತಾರಸಿಗೆ ಅವರು ಹತ್ತಲಾರರು, ಹೀಗಾಗಿ ಆ ತೋಟ ನಿಮ್ಮದಾಗುತ್ತದೆ, ಅವ್ವನದಾಗುವುದಿಲ್ಲ. ನಿಮ್ಮ ಕೈಯಲ್ಲಿ ಅದಕ್ಕಿಂತ ಒಳ್ಳೆಯದು ಇದೆ: ಪೂರ್ವದ ಕಿಟಕಿ, ಅದರಾಚೆ ಎಂಟು ಅಡಿ ನೆಲ.

ಮಂಚದಿಂದ ಕಾಣುವ ನೋಟವನ್ನು ಕ್ಷುಲ್ಲಕವೆಂದು ತಿಳಿಯಬಾರದು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ಸಂಶೋಧಕರು ಹೋಲಿಸಿ 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ಮಂದಿ, ಇಟ್ಟಿಗೆಯ ಗೋಡೆ ಕಾಣುತ್ತಿದ್ದ 23 ಮಂದಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು. ಸಣ್ಣ ಅಧ್ಯಯನವೇ ಹೌದು. ಆದರೆ ಆ ಬಳಿಕ ಆಸ್ಪತ್ರೆ ಕಟ್ಟುವವರು ಕಿಟಕಿಯ ಬಗ್ಗೆ ಯೋಚಿಸುವ ರೀತಿಯನ್ನು ಅದು ಬದಲಿಸಿತು.

ಈಗ ನೀವೇ ಅವ್ವನ ಮಂಚದ ಮೇಲೆ ಐದು ನಿಮಿಷ ಮಲಗಿ ನೋಡಿ. ನಮ್ಮ ಮನೆಗಳಲ್ಲಿ ಕಿಟಕಿಯ ಕೆಳ ಅಂಚು ಸಾಮಾನ್ಯವಾಗಿ ನೆಲದಿಂದ ಮೂರು ಅಡಿ ಎತ್ತರದಲ್ಲಿರುತ್ತದೆ; ಮಲಗಿದವರ ಕಣ್ಣು ಎರಡು ಅಡಿ ಚಿಲ್ಲರೆಯಲ್ಲಿರುತ್ತದೆ. ನಿಂತವರಿಗೆ ಅಂಗಳ ಕಂಡರೂ ಮಲಗಿದವರಿಗೆ ಬರಿಯ ಆಕಾಶದ ತುಂಡು ಕಾಣುವುದು ಇದರಿಂದ. ಕಿಟಕಿಯ ಕೆಳಗಿನ ಗೋಡೆಯನ್ನು ಒಂದು ಒಂದೂವರೆ ಅಡಿ ಒಡೆಸಿ, ಚೌಕಟ್ಟನ್ನು ಕೆಳಗೆ ಇಳಿಸಿ, ಗಟ್ಟಿ ಸರಳು ಹಾಕಿಸಿ. ಮೇಲಿನ ಲಿಂಟಲ್ ಮುಟ್ಟಬೇಕಾಗಿಲ್ಲವಾದ್ದರಿಂದ ಗೌಂಡಿಗೆ ಕೆಲವೇ ದಿನಗಳ ಕೆಲಸ. ಮಂಚವನ್ನು ಕಿಟಕಿಗೆ ಅಡ್ಡವಾಗಿ, ಎಡಕ್ಕೋ ಬಲಕ್ಕೋ ಅವರು ಸುಲಭವಾಗಿ ಹೊರಳುವ ಕಡೆಗೆ ಕಿಟಕಿ ಬರುವಂತೆ ತಿರುಗಿಸಿ.

ಹೊರಗಿನ ಎಂಟು ಅಡಿಯಲ್ಲಿ ಕಾಂಪೌಂಡ್ ಪಕ್ಕ ಕರಿಬೇವು, ದಾಸವಾಳ, ಒಂದು ನುಗ್ಗೆ; ಮಧ್ಯೆ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಹಕ್ಕಿಗಳಿಗೆ ನೀರು. ಕಲಬುರಗಿಯ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟಿದಾಗ ಆ ತಟ್ಟೆಗೆ ಬರುವ ಗುಬ್ಬಿ, ಪಿಕಳಾರಗಳ ಜಗಳವೇ ಅವ್ವನಿಗೆ ಅರ್ಧ ದಿನದ ಕಾಲಕ್ಷೇಪವಾದೀತು. ಹೊಲದಲ್ಲಿ ಬದುಕಿದವರಿಗೆ ಬರಿಯ ಹೂವಿಗಿಂತ ಕಾಯಿ ಬಿಡುವ ಬಳ್ಳಿಯಲ್ಲಿ ಮನಸ್ಸು ನಿಲ್ಲುತ್ತದೆ ಎಂಬುದು ನನ್ನ ಅನುಭವ. ಹೀರೆ, ಅವರೆಗಳ ಚಪ್ಪರವೊಂದನ್ನು ಕಿಟಕಿಗೆ ಕಾಣುವಂತೆ ಹಾಕಿ, ಯಾವಾಗ ಬೀಜ ಊರಬೇಕು, ಯಾವಾಗ ಕೊಯ್ಯಬೇಕು ಎಂಬುದನ್ನು ಅವರೇ ಹೇಳಲಿ.

ವಾಕರ್ ಹಿಡಿದು ಅಲ್ಲಿಗೆ ಬರುವ ದಾರಿಯಲ್ಲಿ ಒಂದು ಮೆಟ್ಟಿಲೂ ಇರಬಾರದು. ಶಹಾಬಾದ್ ಕಲ್ಲು ನಿಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಪಾಲಿಷ್ ಮಾಡದ ಒರಟು ಮುಖ ಮೇಲಾಗಿರಲಿ. ಕೂರಲು ನೆಲದಿಂದ ಹದಿನೆಂಟು ಅಂಗುಲ ಎತ್ತರದ ಕಟ್ಟೆ ಕಟ್ಟಿಸಿ, ಎದ್ದೇಳಲು ಕೈಗೆ ಆಸರೆಯಾಗಿ ಒಂದು ಸರಳು ಹಾಕಿ. ಪೂರ್ವದ ಜಾಗವಾದ್ದರಿಂದ ಮಧ್ಯಾಹ್ನದ ನಂತರ ಮನೆಯ ನೆರಳೇ ಅದರ ಮೇಲೆ ಬೀಳುತ್ತದೆ, ಸಂಜೆ ಐದರ ಹೊತ್ತಿಗೆ ನೀರು ಚಿಮುಕಿಸಿದರೆ ಕೂರಲು ತಂಪು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೆನೆಸುವುದನ್ನು ಮರೆಯಬೇಡಿ. ಒಣಹವೆಯಲ್ಲಿ ನೀರು ಬೇಗ ಆವಿಯಾಗುತ್ತ ಗಾಳಿಯ ಕಾವನ್ನು ಹೀರಿಕೊಳ್ಳುತ್ತದೆ. ವಿಜಯಪುರದ ಬಳಿಯ ಕುಮಟಗಿಯಲ್ಲಿ ಆದಿಲ್‌ಶಾಹಿಗಳು ನೀರಿನ ನಡುವೆ ವಿಹಾರಮಂಟಪ ಕಟ್ಟಿಸಿ ಸುಖಿಸಿದ್ದೂ ಈ ಒಣಹವೆಯ ಸೀಮೆಯಲ್ಲೇ.

ಪ್ರಶ್ನೆ: ಉಡುಪಿಯಲ್ಲಿ ಹೊಸ ಮನೆ ಕಟ್ಟುತ್ತಿದ್ದೇವೆ. ಜಗಲಿಯ ಪಕ್ಕ ತಾವರೆಕೊಳ ಮಾಡಿದರೆ ಮನೆ ತಂಪಾಗಿರುತ್ತದೆ ಎನ್ನುತ್ತಾರೆ. ಸೊಳ್ಳೆಯ ಭಯವೂ ಇದೆ.

ಉತ್ತರ: ಕಲಬುರಗಿಗೆ ಹೇಳಿದ್ದು ಉಡುಪಿಗೆ ಹೊಂದುವುದಿಲ್ಲ. ನಿಮ್ಮಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ನೀರು ಆವಿಯಾಗಿ ತಂಪು ಕೊಡುವುದು ಅತ್ಯಲ್ಪ. ನಿಮಗೆ ತಂಪು ಕೊಡುವುದು ಬೀಸುವ ಗಾಳಿ. ಕೊಳದ ದುಡ್ಡಿನಲ್ಲಿ ಜಗಲಿಯ ಮಾಡನ್ನು ಇನ್ನೂ ಮೂರು ಅಡಿ ಮುಂದಕ್ಕೆ ಚಾಚಿಸಿ, ಗೋಡೆಯ ಬದಲು ಕಂಬಗಳನ್ನಿಡಿ. ವರ್ಷದಲ್ಲಿ ನಾಲ್ಕು ತಿಂಗಳು ಮಳೆಯನ್ನು ನೋಡುತ್ತ ಕೂರಬಲ್ಲವರಿಗೆ ಬೇರೆ ನೀರಿನ ಅಲಂಕಾರ ಯಾಕೆ?

ತಾವರೆಯ ಮೇಲೆಯೇ ಮನಸ್ಸಿದ್ದರೆ ಕಲ್ಲಿನ ಮರಿಗೆಯಲ್ಲಿ ಬೆಳೆಸಿ, ಗಪ್ಪಿ ಮೀನು ಬಿಡಿ, ಅವು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಮೀನಿಲ್ಲದ ಪಾತ್ರೆಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಲೇಬೇಕು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಚೆಲ್ಲಿದರಷ್ಟೇ ಸಾಲದು, ಒಳಮೈಯನ್ನು ತಿಕ್ಕಬೇಕು, ಏಕೆಂದರೆ ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತವೆ. ಮನೆಗೆ ಚಿಕ್ಕ ಮಕ್ಕಳು ಬಂದುಹೋಗುವುದಿದ್ದರೆ ನೀರಿನ ಮೇಲ್ಮೈಗಿಂತ ಮೇಲೆಯೇ ಇರುವಂತೆ ಕಬ್ಬಿಣದ ಜಾಲರಿ ಕೂರಿಸಿ. ಒಂದು ಅಡಿ ನೀರೂ ಮಗುವಿಗೆ ಆಳವೇ.

ಪ್ರಶ್ನೆ: ಮೈಸೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದುಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ಇರುವ ಒಂದೇ ಕಿಟಕಿಗೆ ಮೂರು ಅಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಮೊಳೆ ಹೊಡೆಯಲು ಮಾಲೀಕರು ಬಿಡುವುದಿಲ್ಲ. ನನ್ನಂಥವರಿಗೂ ಏನಾದರೂ ಹೇಳುವಿರಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಪಕ್ಕದ ಮನೆಯವರ ಒಪ್ಪಿಗೆ ಪಡೆದು, ಕಿಟಕಿಯ ಎದುರಿನ ಗೋಡೆಯ ಆ ಒಂದು ಭಾಗಕ್ಕೆ ನೀವೇ ಎರಡು ಸಲ ಬಿಳಿ ಸುಣ್ಣ ಬಳಿಯಿರಿ. ಮೇಲಿನಿಂದ ಇಳಿಯುವ ಬೆಳಕನ್ನು ಅದು ನಿಮ್ಮ ಕೋಣೆಗೆ ತಿರುಗಿಸುತ್ತದೆ, ಕೋಣೆಯ ಚಹರೆ ಅದೇ ದಿನ ಬದಲಾಗುತ್ತದೆ. ಮೇಜನ್ನು ಕಿಟಕಿಗೆ ಪಕ್ಕವಾಗಿಡಿ. ಬಿಸಿಲು ನೇರವಾಗಿ ಬೀಳದ ಕಿಟಕಿಯ ಹಲಗೆಯ ಮೇಲೆ ಒಂದೆಲಗವೂ ಮನಿಪ್ಲಾಂಟೂ ಸುಖವಾಗಿರುತ್ತವೆ. ದೊಡ್ಡಪತ್ರೆಯೂ ಬದುಕುತ್ತದೆ, ಆದರೆ ಬೆಳಕಿಗಾಗಿ ಉದ್ದುದ್ದ ಎಳೆಯುತ್ತದೆ.

ತಾರಸಿಯ ಬೀಗದ ಕೈ ಮಾಲೀಕರ ಬಳಿ ಇರುತ್ತದೆ. ಬೆಳಗ್ಗೆ ಆರರಿಂದ ಏಳರವರೆಗೆ ಓದಲು ಬಿಡಿ, ಪ್ರತಿಯಾಗಿ ತಾರಸಿಯನ್ನು ವಾರಕ್ಕೊಮ್ಮೆ ಗುಡಿಸಿ ಮಳೆನೀರಿನ ಕೊಳವೆಯ ಬಾಯಿಯ ಕಸ ತೆಗೆಯುತ್ತೇನೆ ಎಂದು ಕೇಳಿ ನೋಡಿ. ನನಗೆ ತಿಳಿದ ಮಾಲೀಕರು ಹೆಚ್ಚಿನವರು ಇಂಥ ಮಾತಿಗೆ ಒಪ್ಪುತ್ತಾರೆ. ಆ ಹೊತ್ತಿಗೆ ನೀರಿನ ಟ್ಯಾಂಕಿನ ಪಶ್ಚಿಮದ ಬದಿಯಲ್ಲಿ ನೆರಳಿರುತ್ತದೆ, ಚಾಪೆ ಅಲ್ಲಿ ಹಾಸಿಕೊಳ್ಳಿ. ಕುಂಡಗಳನ್ನು ಕೊಳ್ಳುವಾಗ ಎಂಟು ಅಂಗುಲಕ್ಕಿಂತ ದೊಡ್ಡವು ಬೇಡ. ಪರೀಕ್ಷೆ ಮುಗಿಸಿ ಕೋಣೆ ಖಾಲಿ ಮಾಡುವ ದಿನ ಅವು ಪುಸ್ತಕದ ಪೆಟ್ಟಿಗೆಯ ಜೊತೆ ಒಂದೇ ಆಟೋದಲ್ಲಿ ಹಿಡಿಸಬೇಕು.